ಮಂಗಳವಾರದ ನಡುಕ

ಬಾಗಿಲ ಪಕ್ಕದ ಮೊಳೆಗೆ ನಾಗವೇಣಿ ಒಂದು ಚೀಲ ನೇತುಹಾಕಿದ್ದಳು. ಅದರಲ್ಲಿ ಎರಡು ಸೀರೆ, ಒಂಬತ್ತನೆಯ ಕ್ಲಾಸಿನ ಮಗಳು ದಿಶಾಳ ಎರಡು ಜೊತೆ ಬಟ್ಟೆ, ಒಂದು ಟವೆಲ್, ರೇಷನ್ ಕಾರ್ಡು. ಸಿಟ್ಟು ಮಾಡಿಕೊಂಡು ತವರಿಗೆ ಹೊರಡುವವರು ಅಳುತ್ತಾ ಚೀಲ ತುಂಬುತ್ತಾರೆ, ಅರ್ಧ ಸಾಮಾನು ಮರೆಯುತ್ತಾರೆ, ಮೂರನೆಯ ದಿನ ವಾಪಸು ಬರುತ್ತಾರೆ. ನಾಗವೇಣಿ ಅಳಲಿಲ್ಲ. ಕುಕ್ಕರ್ ಸೀಟಿ ಹೊಡೆಯುವುದನ್ನು ಕಾಯುತ್ತಾ, ಒಂದೊಂದೇ ನೆನಪಿಸಿಕೊಂಡು ತುಂಬಿದಳು. ಅದನ್ನು ಕಂಡೇ ಅವಳ ಗಂಡ ಶಿವರಾಯನಿಗೆ ಹೆದರಿಕೆ ಹುಟ್ಟಿದ್ದು.

"ಒಂದ್ ತಿಂಗಳ ಟೈಮ್ ಕೊಡ್ತೀನ್ರಿ," ಅಂದಳು. "ಒಂದ್ ಹನಿ ಒಳಗ ಹೋದ್ರೂ ನಾ ದಿಶಾನ್ನ ಕರ್ಕೊಂಡು ಐರೋಲಿಗಿ, ನಮ್ಮ ಅಣ್ಣನ ಮನಿಗಿ. ಮತ್ತ ಕರೀಲಾಕ ಬರಬ್ಯಾಡ್ರಿ. ಆ ಬಿಲ್ಡಿಂಗಿನ ವಾಚ್‌ಮನ್ ನಮ್ಮ ಅಣ್ಣನೇ ಹಾನ. ಗೇಟ್ ತೆಗ್ಯಂಗಿಲ್ಲ."

ಮರಾಠಿ ಸೀಮೆಯ ಶಹಾಡ್ ಸ್ಟೇಷನ್ನಿನ ಹಿಂದಿನ ಆ ಚಾಳಿನಲ್ಲಿ ಹನ್ನೆರಡು ಖೋಲಿಗಳು, ಒಂದು ಕೋಣೆಗೆ ಒಂದು ಸಂಸಾರ. ಎಂಟರಲ್ಲಿ ಕಲಬುರಗಿ ಕಡೆಯವರು, ಉಳಿದವುಗಳಲ್ಲಿ ಮರಾಠಿಯವರು. ಶಿವರಾಯ ಹತ್ತಿರದ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆಯ ಗಂಟು ಹೊರುತ್ತಿದ್ದ. ಹೊರಲು ಶುರುಮಾಡಿ ಹದಿನೈದು ವರ್ಷ, ಕುಡಿಯಲು ಶುರುಮಾಡಿ ಹನ್ನೆರಡು. ಮೊದಲು ಮೈಕೈ ನೋವಿಗೆಂದು ಕುಡಿದ, ಆಮೇಲೆ ಸಂಜೆಯಾಯಿತೆಂದು ಕುಡಿದ, ಈಚೆಗೆ ಬೆಳಿಗ್ಗೆ ಕೈಯ ನಡುಕ ನಿಲ್ಲಲೆಂದು ಕುಡಿಯುತ್ತಿದ್ದ. ಕುಡಿಯಲು ಕಾರಣ ಹುಡುಕುವವನಿಗೆ ಕ್ಯಾಲೆಂಡರಿನಲ್ಲಿ ಒಂದು ದಿನವೂ ಖಾಲಿ ಸಿಗುವುದಿಲ್ಲ.

ಭಾನುವಾರ ಸಂಜೆ ಗೆಳೆಯ ಭೀಮುವಿನ ಜೊತೆ ಕೂತು ಕೊನೆಯದು ಎಂದು ಕುಡಿದ. ಕೊನೆಯದು ಮೂರು ಸಲ ಆಯಿತು. ಸೋಮವಾರದಿಂದ ಕಾರ್ಖಾನೆಗೆ ಒಂದು ವಾರ ಸೂಟಿ ಹಾಕಿ ಮನೆಯಲ್ಲಿ ಕೂತ. ಹೇಗೆ ಬಿಡಬೇಕು ಎಂದು ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷ ಗಂಟು ಹೊತ್ತವನಿಗೆ ಗಂಟು ಇಳಿಸುವುದನ್ನು ಬೇರೆ ಕಲಿಸಬೇಕೇ ಎಂಬ ಧೈರ್ಯ.

ಸೋಮವಾರ ಮೈ ಬೆವರಿತು, ಉಂಡದ್ದು ನಿಲ್ಲಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮಂಗಳವಾರ ಕೈ ಎಷ್ಟು ನಡುಗಿತೆಂದರೆ ಚಹಾದ ಲೋಟ ಬಾಯಿಗೆ ಬರುವಷ್ಟರಲ್ಲಿ ಅಂಗಿಯೇ ಚಹಾ ಕುಡಿದಿತ್ತು. ಸಂಜೆಯ ಹೊತ್ತಿಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಮನೆಯಲ್ಲಿ ನೀರಿಲ್ಲ. ಚಾಳಿನ ನಳಕ್ಕೆ ಮೂರು ದಿನದಿಂದ ನೀರು ಬಂದಿರಲಿಲ್ಲ. ನಾಗವೇಣಿ ಕೊಡ ಹಿಡಿದು ಟ್ಯಾಂಕರ್ ಹುಡುಕಿಕೊಂಡು ಹೋಗಿದ್ದಳು. ಮೊದಲನೆಯ ಖೋಲಿಯ ಸಾಬವ್ವನ ಹತ್ತಿರ ಒಂದು ಚರಿಗೆ ಕೇಳೋಣವೆಂದು ಶಿವರಾಯ ಗೋಡೆ ಹಿಡಿದು ಹೊರಗೆ ಬಂದ.

ಸಾಬವ್ವ ಚಾಳಿನ ಹಿರಿಯಳು. ಪ್ರತಿ ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ತನ್ನ ಬಾಗಿಲ ಮುಂದೆ ಎಲ್ಲವ್ವನ ಫೋಟೋ ಇಟ್ಟು ಆರತಿ ಮಾಡುತ್ತಿದ್ದಳು. ಅಂದೂ ಹೆಂಗಸರು ಸೇರಿದ್ದರು, ಜಾಗಟೆ ಬಾರಿಸುತ್ತಿತ್ತು. ಶಿವರಾಯ ಗುಂಪಿನ ನಡುವೆ ಬಂದವನು ಕಾಲಲ್ಲಿ ಬಲವಿಲ್ಲದೆ ಫೋಟೋದ ಎದುರಿಗೇ ಕುಸಿದು ಕೂತ. ಕೈ ನಡುಗಿತು, ಮಂಡಿ ನಡುಗಿತು, ಹಲ್ಲು ಕಟಕಟ ಅಂದವು. ಹಿಂದಿನ ರಾತ್ರಿಯಿಡೀ ನಿದ್ದೆ ಕಾಣದ ಕಣ್ಣು ಕೆಂಪಗೆ ಕೆಂಡದಂತಿದ್ದವು.

ಜಾಗಟೆ ಇನ್ನೂ ಜೋರಾಯಿತು.

"ಯವ್ವಾ! ಶಿವ್ಯಾನ ಮೈಯಾಗ ಬಂದದ!" ಎಂದು ಕೂಗಿ ಸಾಬವ್ವ ಮುಷ್ಟಿ ತುಂಬ ಭಂಡಾರ ತೂರಿದಳು. ಅರಿಶಿನದ ಪುಡಿ ಅವನ ಬೆವರಿಗೆ ಹತ್ತಿ, ಎರಡು ನಿಮಿಷದಲ್ಲಿ ಶಿವರಾಯ ನೋಡಲು ದೇವರಂತೆಯೇ ಆದ.

"ಯಾರ್ ತಾಯಿ ನೀ? ಸವದತ್ತಿಯಾಕಿ ಹೌದಿಲ್ಲೋ?" ಸಾಬವ್ವ ಕೈಮುಗಿದು ಕೇಳಿದಳು.

"ನಾಹೀ ಹೋ! ಹೀ ತರ ತುಳಜಾಪುರಚೀ ಆಯಿ!" ಎಂದಳು ಐದನೆಯ ಖೋಲಿಯ ಮರಾಠಿ ಹೆಂಗಸು, ಬಂದವಳು ತಮ್ಮ ತುಳಜಾಪುರದ ತಾಯಿ ಎಂದು ಹಕ್ಕು ಹೂಡುತ್ತಾ.

"ನಮ್ಮ ಜಾಗಟಿ, ನಮ್ಮ ಫೋಟೋ. ನಿಮ್ಮಾಕಿ ಹೆಂಗ ಬರ್ತಾಳ?" ಎಂದಳು ಸಾಬವ್ವ.

ಈ ವ್ಯಾಜ್ಯ ಇತ್ಯರ್ಥವಾಗುವ ಮೊದಲೇ ದೇವರು ಬಾಯಿ ಬಿಟ್ಟಿತು. "ನೀ... ನೀ... ನೀರು."

ಮೂರು ದಿನದಿಂದ ಒಣಗಿದ ನಳದ ಕಡೆ ಹದಿನೈದು ಜೊತೆ ಕಣ್ಣು ಹೊರಳಿದವು.

"ಯಾವಾಗ ತಾಯಿ?"

"ಈಗ," ಎಂದ ಶಿವರಾಯ. ಅವನಿಗೆ ಬೇಕಾಗಿದ್ದು ಆಗಲೇ.

"ಈಗ ಅಂದ್ರ, ದೇವರ ಮಾತಿನಾಗ ನಾಳಿ ಮುಂಜಾನಿ," ಎಂದು ಸಾಬವ್ವ ಎಲ್ಲರಿಗೂ ಬಿಡಿಸಿ ಹೇಳಿದಳು. ಆಮೇಲೆ ಯಾರೋ ಅವನ ಬಾಯಿಗೆ ತೀರ್ಥವೆಂದು ಮೂರು ಚಮಚ ನೀರು ಬಿಟ್ಟರು. ಬರೀ ಮೂರು.

ಬುಧವಾರ ಬೆಳಿಗ್ಗೆ ಐದೂವರೆಗೆ ನಳ ಕೆಮ್ಮಿತು, ಉಗುಳಿತು, ಧೋ ಎಂದು ಸುರಿಯಿತು.

ಎಂಟು ಗಂಟೆಗೆ ಶಿವರಾಯನ ಬಾಗಿಲಲ್ಲಿ ಸಾಲು ನಿಂತಿತ್ತು. ನಿನ್ನೆಯವರೆಗೆ "ಏ ಶಿವ್ಯಾ, ದಾರಿ ಬಿಡು" ಅನ್ನುತ್ತಿದ್ದವರು "ಶಿವರಾಯಪ್ಪಾ" ಎಂದು ತಲೆಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಒಬ್ಬಳ ಮೂಗುತಿ ಕಳೆದಿತ್ತು. "ಮನ್ಯಾಗೇ ಹುಡುಕು," ಅಂದ. ಕಳೆದ ವಸ್ತು ಬಹಳ ಸಲ ಮನೆಯಲ್ಲೇ ಇರುತ್ತದೆ, ಸಿಕ್ಕಿತು. ಇನ್ನೊಬ್ಬನಿಗೆ ಸೊಸೆಯ ಮೇಲೆ ದೂರಿತ್ತು. "ಬಾಯಿ ಮುಚ್ಕೊಂಡಿರು," ಅಂದ. ತಲೆ ಸಿಡಿಯುತ್ತಿದ್ದ ಅವನು ಯಾರು ಬಂದಿದ್ದರೂ ಅದನ್ನೇ ಹೇಳುತ್ತಿದ್ದ. ಬಂದವನು ಮಾತ್ರ ಅದನ್ನು ದೇವವಾಕ್ಯವೆಂದು ಹೆಗಲ ಟವೆಲಿಗೆ ಗಂಟು ಹಾಕಿಕೊಂಡವನಂತೆ ಹೋದ. ನಡುನಡುವೆ ಶಿವರಾಯನಿಗೆ ಗೋಡೆಯ ಮೇಲೆ ಸಾಲುಸಾಲು ಇರುವೆಗಳು ಕಾಣುತ್ತಿದ್ದವು. ಅಲ್ಲಿ ಒಂದೂ ಇರುವೆ ಇರಲಿಲ್ಲ. ಅವನು ಕಣ್ಣರಳಿಸಿ ಗೋಡೆ ನೋಡಿದಾಗಲೆಲ್ಲ ಜನ ಕೈಮುಗಿದರು.

ಮೈಯೊಳಗೆ ನರಕ, ಹೊರಗೆ ಮರ್ಯಾದೆ. ಹನ್ನೆರಡು ವರ್ಷದಲ್ಲಿ ಯಾರೂ ಅವನ ಎದುರು ಚಪ್ಪಲಿ ಬಿಟ್ಟಿರಲಿಲ್ಲ. ಅದು ಅವನಿಗೆ ರುಚಿಸಿತು.

ಸಾಲಿನ ಕೊನೆಯಲ್ಲಿ ದಿಶಾ ನಿಂತಿದ್ದಳು, ಸ್ಕೂಲಿನ ಯೂನಿಫಾರಂ ಹಾಕಿಕೊಂಡು, ಕೈಯಲ್ಲಿ ಒಂದು ನಿಂಬೆಹಣ್ಣು. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ ಅವಳು. ದೇವರ ಜೊತೆಯೂ ಹಿಂದಿಯಲ್ಲೇ ಮಾತಾಡಿದಳು.

"ದೇವೀಜೀ, ಮೇರೇ ಪಪ್ಪಾ ಫಿರ್ ಸೇ ಪಿಯೇಂಗೇ ಕ್ಯಾ?"

ಅವಳು ನಂಬಿ ಕೇಳಿದಳೋ, ಪರೀಕ್ಷೆ ಮಾಡಲು ಕೇಳಿದಳೋ, ಅವಳ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ಮೂಗುತಿ ಎಲ್ಲಿದೆ ಎಂದು ಹೇಳಿದ್ದ ದೇವರು ಈಗ ಮಗಳ ಕೈಯ ನಿಂಬೆಹಣ್ಣನ್ನು ನೋಡಿತು. ಅಪ್ಪ ಮತ್ತೆ ಕುಡಿಯುತ್ತಾನೋ ಇಲ್ಲವೋ?

"ಮಾಲೂಮ್ ನಹೀ," ಎಂದ. ಗೊತ್ತಿಲ್ಲ ಎಂಬುದೇ ಅಂದು ದೇವರು ಆಡಿದ ಒಂದೇ ನಿಜ. ದಿಶಾ ನಿಂಬೆಹಣ್ಣನ್ನು ಅವನ ಮುಂದಿಟ್ಟು ಬ್ಯಾಗು ಏರಿಸಿಕೊಂಡು ಸ್ಕೂಲಿಗೆ ಹೋದಳು.

ನಾಗವೇಣಿ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಂದು ಅವಳು ಬಾರದ್ದಕ್ಕೆ ಹೋಟೆಲಿನ ಮ್ಯಾನೇಜರ್ ಶಂಭು ಹನ್ನೊಂದರ ಹೊತ್ತಿಗೆ ತಾನೇ ನೋಡಲು ಬಂದ. ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ದೇವರನ್ನು ನೋಡಿದ. ಆಮೇಲೆ ನಾಗವೇಣಿಯ ಹತ್ತಿರ ಕಪ್-ಸಾಸರಿನಲ್ಲಿ ಚಹಾ ತರಿಸಿ ಶಿವರಾಯನ ಕೈಗೆ ಕೊಟ್ಟ. ಸಾಸರಿನ ಮೇಲೆ ಕಪ್ ಕಟಕಟ ಕುಣಿಯತೊಡಗಿತು.

"ಈ ಸಂಗೀತ ನನಗೆ ಗೊತ್ತುಂಟು," ಎಂದ ಶಂಭು. "ನಾಗವೇಣಿ, ಈ ಜನರನ್ನೆಲ್ಲ ಸ್ವಲ್ಪ ಹೊರಗೆ ಕಳಿಸು ಮಾರಾಯ್ತಿ."

ಜನ ಹೊರಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಕೇಳಿದ, "ಕಡೆಯದು ಯಾವಾಗ ತೆಗೊಂಡದ್ದು?"

ಶಿವರಾಯ ಗೋಡೆ ನೋಡಿದ.

"ಐತ್ವಾರ ಸಂಜಿಮುಂದ," ಎಂದಳು ನಾಗವೇಣಿ. "ಯಾಕ್ರಿ ಶಂಭಣ್ಣ? ಇದು ದೇವರಲ್ಲೇನು?"

"ನೋಡು, ನಮ್ಮ ಊರ ಕಡೆ ಮೈಮೇಲೆ ದರ್ಶನ ಬರುವವರನ್ನು ನಾನು ಸಣ್ಣವನಿರುವಾಗಿಂದ ನೋಡಿದ್ದೇನೆ. ವಾದ್ಯ ನಿಂತರೆ ದರ್ಶನವೂ ನಿಲ್ತದೆ. ಇವನ ಜಾಗಟೆ ನಿನ್ನೆ ಸಂಜೆಯೇ ನಿಂತಿದೆ, ಇವನು ಮಾತ್ರ ನಿಲ್ಲಲಿಲ್ಲ. ಇದು ಕುಡಿತ ಹೊರಗೆ ಹೋಗುವಾಗ ಬಾಗಿಲು ಬಡಿಯುವುದು. ಒಂಬತ್ತು ವರ್ಷದ ಹಿಂದೆ ನಾನೂ ಕುಡಿತ ಬಿಡುವಾಗ ಗಲ್ಲಾಪೆಟ್ಟಿಗೆ ಎದುರು ಕೂತು ಬಿಲ್ಲು ಬರೆದರೆ ಡಾಕ್ಟರ ಚೀಟಿಯ ಹಾಗೆ ಇರ್ತಿತ್ತು. ನಡಿ, ರಿಕ್ಷಾ ಹೇಳ್ತೇನೆ."

"ನಾ ಗಟ್ಟಿ ಆಗ್ತೀನಿ, ಎರಡ್ ದಿನ ಬಿಡ್ರಿ," ಎಂದ ಶಿವರಾಯ.

"ಎರಡು ದಿನದಲ್ಲಿ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡರೆ ಗಟ್ಟಿ ಎಲ್ಲಿಂದ ಆಗುದು? ಇದು ಪೌರುಷದ ವಿಷಯ ಅಲ್ಲ ಮಾರಾಯ. ಏಳು."

ಪಕ್ಕದ ಪಟ್ಟಣ ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕೈ ನೋಡಿದಳು, ನಾಡಿ ನೋಡಿದಳು, ಇರುವೆಗಳ ವಿಷಯ ಕೇಳಿದಳು. ಆಮೇಲೆ ಮರಾಠಿಯಲ್ಲಿ ಚೆನ್ನಾಗಿ ಬೈದಳು. ಬಿಟ್ಟದ್ದಕ್ಕಲ್ಲ, ಯಾರನ್ನೂ ಕೇಳದೆ ಒಂದೇ ಏಟಿಗೆ ಬಿಟ್ಟದ್ದಕ್ಕೆ. ಇಷ್ಟು ವರ್ಷ ಕುಡಿದವನು ಹೀಗೆ ಬಿಟ್ಟರೆ ಜೀವಕ್ಕೇ ಬರಬಹುದಂತೆ. ಎರಡು ದಿನ ಅಲ್ಲೇ ಮಲಗಿಸಿಕೊಂಡಳು, ಸೂಜಿ ಚುಚ್ಚಿದಳು, ಕಳಿಸುವಾಗ ಗುಳಿಗೆ ಬರೆದು ಚೀಟಿಯನ್ನು ನಾಗವೇಣಿಯ ಕೈಗೆ ಕೊಟ್ಟಳು. ಮೊದಲು ದಿನಕ್ಕೆ ಮೂರು, ಆಮೇಲೆ ಎರಡು, ಆಮೇಲೆ ಒಂದು. ಡಬ್ಬಿ ಹೆಂಡತಿಯ ಹತ್ತಿರವೇ ಇರಬೇಕು.

ನಾಗವೇಣಿ ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಚಾಳಿಗೆ ಬಂದಾಗ ಜನ ಕೇಳಿದರು. ಶಿವರಾಯ ಹೇಳಿದ, "ಬಿಪಿ." ಮರ್ಯಾದೆ ರುಚಿ ಹತ್ತಿತ್ತಲ್ಲ.

ನಾಗವೇಣಿ ಒಳಗೆ ಬಂದು ಅಂದಳು, "ದೇವರ್ ಆಗಿ ಇರ್ರಿ, ನಂದೇನ್ ಹೋಗ್ತದ? ಗುಳಿಗಿ ಮಾತ್ರ ತಗೋರಿ."

ಭಾನುವಾರ ಶಂಭು ಅವನನ್ನು ಮತ್ತೆ ಕಲ್ಯಾಣಕ್ಕೆ ಕರೆದೊಯ್ದ, ಈ ಸಲ ಒಂದು ಶಾಲೆಗೆ. ಸಂಜೆ ಹೊತ್ತು ಆ ಶಾಲೆಯ ಒಂದು ಕೋಣೆಯಲ್ಲಿ ಕುಡಿತ ಬಿಟ್ಟವರು, ಬಿಡುತ್ತಿರುವವರು ಸೇರುತ್ತಿದ್ದರು. ಚಿಕ್ಕ ಮಕ್ಕಳ ಬೆಂಚಿನಲ್ಲಿ ದೊಡ್ಡ ದೊಡ್ಡ ಗಂಡಸರು ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದರು. ಒಬ್ಬ ರಿಕ್ಷಾದವನು, ಒಬ್ಬ ಬ್ಯಾಂಕಿನವನು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವನೊಬ್ಬ. ಒಬ್ಬೊಬ್ಬರೇ ಎದ್ದು ತಮ್ಮ ಮಾನವನ್ನು ತಾವೇ ಕಳೆದುಕೊಳ್ಳುತ್ತಿದ್ದರು, ಉಳಿದವರು ನಗುತ್ತಿದ್ದರು, ಮೊದಲು ನಗುತ್ತಿದ್ದವನು ಹೇಳುತ್ತಿದ್ದವನೇ. ಶಿವರಾಯನ ಸರದಿ ಬಂತು. ಎದ್ದ, ಹೆಸರು ಹೇಳಿದ, ಕೂತ.

ಹೊರಗೆ ಬಂದ ಮೇಲೆ ಅಂದ, "ನನಗ ಹಿಂಗ ಮಂದಿ ಮುಂದ ಹೇಳ್ಕೊಳ್ಳಾಕ ಬರಂಗಿಲ್ರಿ."

"ಬೇಡ. ನಾನು ಮೊದಲ ಎಂಟು ಸಲ ಬಿಸ್ಕಿಟ್ ತಿಂದು ಬಂದದ್ದು ಮಾತ್ರ. ಆ ಒಂದು ಗಂಟೆ ಕುಡಿಯಲಿಲ್ಲ ಅಲ್ವಾ, ಅದು ಸಾಕು. ಸಂಜೆ ಏಳು ಗಂಟೆಗೆ ಬಾಯಿ ಒಣಗಿದರೆ ನನಗೊಂದು ಫೋನ್ ಮಾಡು. ಬೈಲಿಕ್ಕಾದರೂ ಮಾಡು."

ಶಿವರಾಯ ಸೋಮವಾರ ಏಳಕ್ಕೆ ಮಾಡಿದ. ಏಳೂ ಹತ್ತಕ್ಕೆ ಮಾಡಿದ. ಏಳೂ ಇಪ್ಪತ್ತಕ್ಕೆ ಶಂಭುವೇ ಮಾಡಿ, "ಈಗ ಊಟ ಮಾಡು ಮಾರಾಯ, ಹೊಟ್ಟೆ ಖಾಲಿ ಇದ್ದರೆ ಅದು ಜಾಸ್ತಿ ಕರೀತದೆ," ಅಂದ. ಉಂಡ. ನಿಜವಾಗಿಯೂ ಸ್ವಲ್ಪ ಕಡಿಮೆಯಾಯಿತು.

ಇನ್ನೊಂದು ಮಂಗಳವಾರ ಬಂತು. ಬಿಟ್ಟು ಒಂಬತ್ತನೆಯ ದಿನ. ಗುಳಿಗೆ ಒಂದಕ್ಕೆ ಇಳಿದಿತ್ತು, ಗೋಡೆಯ ಇರುವೆಗಳು ಹೋಗಿದ್ದವು, ಕೈ ನಿಂತಿತ್ತು. ಮೈ ಗುಣವಾಗುತ್ತಿತ್ತು, ಆದರೆ ದೇವರು ಕೆಡುತ್ತಿತ್ತು. ಸಂಜೆ ಸಾಬವ್ವನ ಬಾಗಿಲಲ್ಲಿ ಹಿಂದಿನ ವಾರದ ಎರಡರಷ್ಟು ಜನ. ಪಕ್ಕದ ಚಾಳಿನವರೂ ಬಂದಿದ್ದರು. ಶಿವರಾಯನನ್ನು ಚಾಪೆಯ ಮೇಲೆ ಕೂರಿಸಿ ಜಾಗಟೆ ಬಾರಿಸಿದರು, ಭಂಡಾರ ತೂರಿದರು. ಅವನು ಬಸ್ಸಿಗೆ ಕಾಯುವವನ ಹಾಗೆ ಸುಮ್ಮನೆ ಕೂತಿದ್ದ. ಒಂದು ಬೆರಳೂ ಅಲುಗಲಿಲ್ಲ.

"ಬಿಪಿ ಗುಳಿಗಿ ತಿಂದು ತಾಯಿನ್ನ ಓಡಿಸ್ಯಾನ," ಎಂದಳು ಸಾಬವ್ವ ಸಿಟ್ಟಿನಿಂದ. "ನಾಗವೇಣಿ, ಎಲ್ಲಾ ನಿಂದೇ ನೋಡು."

ಆಗ ಭೀಮು ಮುಂದೆ ಬಂದ. ಒಂಬತ್ತು ದಿನದಿಂದ ಒಬ್ಬನೇ ಕೂತು ಕುಡಿದು ಅವನ ಮುಖ ಬಾಡಿತ್ತು. ತೆಂಗಿನಕಾಯಿಯ ಜೊತೆ ಪೇಪರಿನಲ್ಲಿ ಸುತ್ತಿದ ಒಂದು ಕ್ವಾರ್ಟರ್ ತೆಗೆದು ಫೋಟೋದ ಪಕ್ಕ ಇಟ್ಟ.

"ತಾಯಿ ಮುನಿಸ್ಕೊಂಡಾಳ. ಎಡಿ ಇಟ್ರ ಬರ್ತಾಳ."

"ಥೂ ಭಾಡ್ಯಾ! ಎಲ್ಲವ್ವಗ ಸೆರಿ ನಡ್ಯಂಗಿಲ್ಲ," ಎಂದಳು ಸಾಬವ್ವ.

"ಎಲ್ಲವ್ವನೋ, ತುಳಜಾಪುರದಾಕಿನೋ ಅಂತ ಇನ್ನಾ ಫೈಸಲ್ ಆಗಿಲ್ಲಲ್ಲ ಆಯಿ. ಬ್ಯಾರೇ ಯಾವುದರ ದೇವರಿದ್ರ? ಸೆರಿ ಕೇಳೋ ದೇವರೂ ಅವ."

ಜನರಿಗೆ ಇದು ನ್ಯಾಯವೆನಿಸಿತು. ಪ್ರಶ್ನೆ ಕೇಳಲು ದೂರದಿಂದ ಬಂದವರಿಗೆ ಬರಿಗೈಯಲ್ಲಿ ಹೋಗುವ ಮನಸ್ಸಿರಲಿಲ್ಲ. ಸಾಬವ್ವ ಗೊಣಗುತ್ತಲೇ ಒಪ್ಪಿದಳು. "ಒಂದ್ ಚಮಚ. ಅಷ್ಟೇ."

ಭೀಮು ಮುಚ್ಚಳ ತಿರುಗಿಸಿದ. ಆ ಕಟಕ್ ಎಂಬ ಸದ್ದು ಶಿವರಾಯನ ಕಿವಿಗೆ ಜಾಗಟೆಗಿಂತ ಜೋರಾಗಿ ಕೇಳಿತು. ಆಮೇಲೆ ವಾಸನೆ ಬಂತು. ಹಿತ್ತಾಳೆಯ ಚಮಚ ತುಂಬಿ ಅವನ ತುಟಿಯ ಹತ್ತಿರ ಬಂತು. ಒಂದು ಚಮಚ. ಅದೂ ತೀರ್ಥ. ಅದೂ ಎಲ್ಲರೂ ಕೈಮುಗಿದು ಕುಡಿಯೆಂದು ಬೇಡುತ್ತಿರುವಾಗ. ಹನ್ನೆರಡು ವರ್ಷದಲ್ಲಿ ಇಂಥ ಒಳ್ಳೆಯ ಕಾರಣ ಅವನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ನಾಗವೇಣಿ ತನ್ನ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಮೊಳೆಯ ಮೇಲಿನ ಚೀಲದ ಕಡೆ ಒಮ್ಮೆ ಹೋಗಿ ಬಂತು. ದಿಶಾ ಅವಳ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಳು.

ಶಿವರಾಯನ ಕೈ ನಡುಗತೊಡಗಿತು.

"ಬಂದಳು! ಬಂದಳು!" ಎಂದು ಜನ ಕೂಗಿದರು. ಜಾಗಟೆ ಏರಿತು.

"ಜಾಗಟಿ ನಿಲ್ಲಸ್ರಿ!" ಎಂದು ಶಿವರಾಯ ಕಿರುಚಿದ. ನಿಂತಿತು. "ಯಾರೂ ಬಂದಿಲ್ಲ. ಅವತ್ತೂ ಬಂದಿರಲಿಲ್ಲ. ಕುಡಿಯೋದು ಒಮ್ಮೆಲೇ ಬಿಟ್ಟಿದ್ದೆ, ಅದಕ್ಕ ನಡಗಿದ್ದೆ. ಬಿಪಿ ಅಂದದ್ದೂ ಸುಳ್ಳು. ಎರಡ್ ದಿನ ದವಾಖಾನ್ಯಾಗ ಮಲಗಿದ್ದು ಸೆರಿ ಸಲುವಾಗಿ."

"ಮತ್ತ ಈಗ ನಡಗ್ಲತ್ತಿಯಲ್ಲೋ?" ಎಂದ ಭೀಮು.

"ಇದು ಹೆದರಿಕಿ. ಆ ಚಮಚ ನೋಡಿ ಅಂಜಿಕಿ ಬರ್ಲತ್ತದ. ಒಂದ್ ಚಮಚ ಕುಡದ್ರ ಬಾಟ್ಲಿ ಖಾಲಿ ಮಾಡ್ತೀನಿ, ಬಾಟ್ಲಿ ಖಾಲಿ ಆದ್ರ ನನ್ನ ಮನಿ ಖಾಲಿ ಆಗ್ತದ. ತಗೀ ಅದನ್ನ."

ಶಾಲೆಯ ಬೆಂಚಿನಲ್ಲಿ ಹೆಸರಷ್ಟೇ ಹೇಳಿ ಕೂತವನು ಇಲ್ಲಿ, ಪರಿಚಯದವರೆಲ್ಲರ ಎದುರು, ಅರಿಶಿನ ಬಳಿದ ಮುಖದಲ್ಲಿ ಹೇಳಿ ಮುಗಿಸಿದ್ದ. ಮೊದಲು ಬಾಯಿ ಬಿಟ್ಟವಳು ಸಾಬವ್ವ.

"ಹಂಗಾದ್ರ ನೀರ್ ಹೆಂಗ್ ಬಂತು?"

"ಪೈಪ್ ರಿಪೇರಿ ಆಯ್ತು ಆಯಿ. ಅದಕ್ಕ ಬಂತು."

"ರಿಪೇರಿ ಮಾಡವರಿಗಿ ಬುದ್ಧಿ ಯಾರ್ ಕೊಟ್ರು?"

ಐದನೆಯ ಖೋಲಿಯ ಮರಾಠಿ ಹೆಂಗಸೂ ಇದಕ್ಕೆ ಹೌದೆಂದು ತಲೆಯಾಡಿಸಿದಳು. ತಾನು ಸೋತಿಲ್ಲವೆಂದು ಖಾತ್ರಿಯಾದ ಮೇಲೆ ಸಾಬವ್ವ ಶಾಂತಳಾದಳು.

ಭೀಮು ಚಮಚ ಹಿಡಿದೇ ನಿಂತಿದ್ದ. ಚಮಚದೊಳಗಿನದು ಅಂಚಿನಿಂದ ತುಳುಕಿ ಅವನ ಮುಂಗೈ ಮೇಲೆ ಇಳಿಯುತ್ತಿತ್ತು. ತನ್ನ ಕೈಯನ್ನೇ ಅವನು ನೋಡಿದ. ಶಿವರಾಯನ ಕೈಗಿಂತ ಜೋರಾಗಿ ಅದೇ ನಡುಗುತ್ತಿತ್ತು.

"ಶಿವ್ಯಾ," ಎಂದ ಮೆಲ್ಲಗೆ, "ಇದೇ ದೇವಿ ನನಗ ದಿನಾ ಮುಂಜಾನಿ ಬರ್ತಾಳಲ್ಲೋ. ನಾ ಯಾವಾಗ ಬಿಡ್ತೀನಿ ಅಂತ ಕೇಳಾಕೇ ಬಂದಿದ್ದೆ ಇವತ್ತ."

"ಬಿಡೋದ್ ಕೇಳಾಕ ಕ್ವಾರ್ಟರ್ ತಂದಿಯೇನೋ ಹುಚ್ಚಪ್ಯಾಲಿ!" ಎಂದಳು ಸಾಬವ್ವ. ಮೊದಲು ಭೀಮುವೇ ನಕ್ಕ. ಆಮೇಲೆ ಚಾಳೆಲ್ಲ ನಕ್ಕಿತು. ಸಾಬವ್ವ ಅವನ ಕೈಯಿಂದ ಚಮಚ ಕಿತ್ತುಕೊಂಡಳು, ಬಾಟಲಿ ಎತ್ತಿಕೊಂಡಳು, ಮೋರಿಗೆ ಸುರಿದು ಮೇಲೆ ಒಂದು ಚರಿಗೆ ನೀರು ಹೊಯ್ದಳು. ನಳದಲ್ಲಿ ನೀರಿದ್ದದ್ದಕ್ಕೆ ಅಷ್ಟು ಧಾರಾಳ.

"ನಾಳಿ ಮುಂಜಾನಿ ನನ್ನ ಜೋಡಿ ಕಲ್ಯಾಣಕ ಬಾ," ಎಂದ ಶಿವರಾಯ. "ನನ್ನಂಗ ಒಮ್ಮೆಲೇ ಬಿಡಾಕ ಹೋಗಬ್ಯಾಡ, ಡಾಕ್ಟರಮ್ಮ ಬೈತಾಳ. ಐತ್ವಾರ ಸಂಜಿಗಿ ಶಾಲ್ಯಾಗ ಒಂದ್ ಬೆಂಚೂ ತೋರಿಸ್ತೀನಿ. ಬಿಸ್ಕಿಟ್ ಕೊಡ್ತಾರ."

ಆಮೇಲೆ ಮಗಳ ಕಡೆ ತಿರುಗಿದ. "ದಿಶಾ, ಅವತ್ತ ಒಂದ್ ಕೇಳಿದ್ದಿಯಲ್ಲ. ದೇವಿ ಹೇಳಲಿಲ್ಲ, ನಾ ಹೇಳ್ತೀನಿ. ಇವತ್ತ ಕುಡಿಯಂಗಿಲ್ಲ. ಆಜ್ ನಹೀ."

"ಔರ್ ಕಲ್?"

"ಕಲ್ ಫಿರ್ ಪೂಛ್. ನಾಳಿದು ನಾಳಿ ಮತ್ತ ಕೇಳು."

ದಿಶಾ ಕಚ್ಚುತ್ತಿದ್ದ ಉಗುರು ಬಿಟ್ಟಳು. "ಆಯ್ತು," ಎಂದಳು. ವರ್ಷಕ್ಕೊಮ್ಮೆ ಅವಳ ಬಾಯಿಂದ ಬರುವ ಕನ್ನಡ.

ರಾತ್ರಿ ಊಟಕ್ಕೆ ಮೊದಲು ಶಿವರಾಯ ಮುಖದ ಅರಿಶಿನ ತೊಳೆದು ಬಂದ. ಕಿವಿಯ ಹಿಂದೆ ಇನ್ನೂ ಹಳದಿ ಉಳಿದಿತ್ತು. ನಾಗವೇಣಿ ಸೆರಗಿನ ಗಂಟು ಬಿಚ್ಚಿ ಆ ಹೊತ್ತಿನ ಗುಳಿಗೆ ಕೊಟ್ಟಳು, ನುಂಗುವವರೆಗೆ ನಿಂತು ನೋಡಿದಳು. ಆಮೇಲೆ ಮೊಳೆಯ ಮೇಲಿನ ಚೀಲಕ್ಕೆ ಕೈ ಹಾಕಿ ರೇಷನ್ ಕಾರ್ಡು ಹೊರತೆಗೆದು, ಅಕ್ಕಿಯ ಡಬ್ಬಿಯ ಮೇಲೆ ಇಟ್ಟಳು.

ಶಿವರಾಯ ಅದನ್ನೇ ನೋಡುತ್ತಿದ್ದ.

"ಏನ್ ನೋಡ್ತೀರಿ? ನಾಳಿ ಅಂಗಡ್ಯಾಗ ಗೋಧಿ ಬರ್ತದಂತ. ಸಾಲು ಹಚ್ಚಬೇಕು."

"ಮತ್ತ ಸೀರಿ?"

"ಸೀರಿ ಅಲ್ಲೇ ಇರಲಿ," ಎಂದಳು ನಾಗವೇಣಿ, ತಟ್ಟೆ ಹಾಕುತ್ತಾ. "ಇನ್ನಾ ಇಪ್ಪತ್ತೊಂದ್ ದಿನ ಅವ."